ಹತ್ತನೆಯ ತರಗತಿಯ ಗಣಿತ: ಗ್ರಾಮ ಪಂಚಾಯತ್ ಏನು ಮಾಡಬಹುದು?



ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ನಮ್ಮ ಉಡುಪಿ ಜಿಲ್ಲೆಯ ಹೆಸರು ಅನೇಕ ವರ್ಷಗಳಲ್ಲಿ ಮೊದಲ ಸಾಲಿನಲ್ಲಿ ಕೇಳಿಬಂದಿದೆ. 2024ರಲ್ಲಿ ಶೇ. 94ರ ಫಲಿತಾಂಶದೊಂದಿಗೆ ಜಿಲ್ಲೆಯು ರಾಜ್ಯಕ್ಕೆ ಪ್ರಥಮ ಸ್ಥಾನದಲ್ಲಿತ್ತು. 2025ರ ಪರೀಕ್ಷೆ-1ರಲ್ಲಿ ಶೇ. 91.12 ಪಡೆದ ದಕ್ಷಿಣ ಕನ್ನಡ ಪ್ರಥಮ, ಶೇ. 89.96 ಪಡೆದ ಉಡುಪಿ ದ್ವಿತೀಯ ಸ್ಥಾನ ಗಳಿಸಿದವು. ಇದು ಶಿಕ್ಷಕರ, ಪೋಷಕರ ಹಾಗೂ ಮಕ್ಕಳ ಪರಿಶ್ರಮದ ಫಲವೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಇದೇ ಅಂಕಿಯನ್ನು ಇನ್ನೊಂದು ಬದಿಯಿಂದಲೂ ಓದಬೇಕಾಗುತ್ತದೆ. ಸುಮಾರು ಶೇ. 90 ಎಂದರೆ, ಪರೀಕ್ಷೆಗೆ ಕುಳಿತ ಪ್ರತಿ ಹತ್ತು ಮಕ್ಕಳಲ್ಲಿ ಒಬ್ಬರು ಆ ದಿನ ಉತ್ತೀರ್ಣರ ಪಟ್ಟಿಯಲ್ಲಿ ಇರಲಿಲ್ಲ ಎಂದರ್ಥ. ಆ ಹತ್ತನೆಯ ಮಗು ನಮ್ಮದೇ ಯಾವುದೋ ಒಂದು ವಾರ್ಡಿನ ಮನೆಯಲ್ಲಿದೆ. ಈ ಲೇಖನವು ಆ ಮಗುವನ್ನು ಕುರಿತದ್ದು. ಅನುತ್ತೀರ್ಣರಾದವರೆಲ್ಲರೂ ಗಣಿತದಲ್ಲಿಯೇ ಎಡವಿದವರಲ್ಲ. ಆದರೂ ಮನೆಮನೆಗಳಲ್ಲಿ ವಿಚಾರಿಸಿದಾಗ ಭಯದೊಂದಿಗೆ ಮೊದಲು ಕೇಳಿಬರುವ ವಿಷಯ ಗಣಿತವೇ ಆಗಿರುವುದರಿಂದ ಇಲ್ಲಿ ಅದನ್ನೇ ಆಯ್ದುಕೊಳ್ಳಲಾಗಿದೆ.

ಉತ್ತರವಿಲ್ಲದ ಒಂದು ಪ್ರಶ್ನೆ

ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ಪಂಚಾಯತ್‌ನಲ್ಲಿ ಕರ್ತವ್ಯದಲ್ಲಿದ್ದಾಗ, ಮಾಸಿಕ ಸಭೆ ಮುಗಿದ ಬಳಿಕ ಹಿರಿಯ ಸದಸ್ಯೆಯೊಬ್ಬರು, "ನಮ್ಮ ಗ್ರಾಮದಲ್ಲಿ ಈ ಸಲ ಹತ್ತನೆಯದರಲ್ಲಿ ಎಷ್ಟು ಮಕ್ಕಳು ಫೇಲಾದರು ಸರ್? ಅವರೆಲ್ಲ ಈಗ ಏನು ಮಾಡುತ್ತಿದ್ದಾರೆ?" ಎಂದು ಕೇಳಿದರು. ಮನೆ ತೆರಿಗೆ ಬಾಕಿಯ ಪಟ್ಟಿ, ನೀರಿನ ಶುಲ್ಕದ ಪಟ್ಟಿ, ಕೆಟ್ಟ ಬೀದಿದೀಪಗಳ ಪಟ್ಟಿ ನನ್ನ ಮೇಜಿನ ಮೇಲಿದ್ದವು. ಅವರು ಕೇಳಿದ ಪಟ್ಟಿ ಇರಲಿಲ್ಲ. ವಿಚಾರಿಸಿ ತಿಳಿದುಕೊಳ್ಳುವಷ್ಟರಲ್ಲಿ ಮರುಪರೀಕ್ಷೆಗೆ ಹೆಸರು ನೋಂದಾಯಿಸುವ ದಿನ ಮೀರಿತ್ತು. ಗಣಿತ ಒಂದರಲ್ಲಿ ಮಾತ್ರ ಹಿಂದುಳಿದಿದ್ದ ಹುಡುಗನೊಬ್ಬ ಅದಾಗಲೇ ಹೋಟೆಲ್ ಕೆಲಸಕ್ಕೆಂದು ಊರು ಬಿಟ್ಟಿದ್ದ. ಅವನ ತಾಯಿ, "ಲೆಕ್ಕ ಅವನ ತಲೆಗೆ ಹತ್ತುವುದಿಲ್ಲ ಸರ್, ಬಿಡಿ" ಎಂದರು.

ಆ ಮಾತನ್ನು ಒಪ್ಪಲು ನನಗೆ ಆಗಲಿಲ್ಲ. ಎಂಜಿನಿಯರಿಂಗ್ ಪದವಿ ಪಡೆದ ನಾನೂ ಎಂಟನೆಯ ತರಗತಿಯಲ್ಲಿ ಬೀಜಗಣಿತ ಕಂಡರೆ ಹೆದರುತ್ತಿದ್ದವನೇ. ಭಿನ್ನರಾಶಿಯನ್ನು ಮೊದಲಿನಿಂದ ಮತ್ತೆ ಹೇಳಿಕೊಟ್ಟ ಶಿಕ್ಷಕರೊಬ್ಬರು ಸಿಕ್ಕಿದುದರಿಂದ ದಾರಿ ತೆರೆಯಿತು. ಆ ಹುಡುಗನಿಗೂ ಬೇಕಾಗಿದ್ದುದು ಅಂಥದೇ ಒಂದಿಷ್ಟು ಸಮಯ ಮತ್ತು ಸಕಾಲದಲ್ಲಿ ವಿಚಾರಿಸುವ ಒಬ್ಬ ವ್ಯಕ್ತಿ.

ಪ್ರಶ್ನೆಪತ್ರಿಕೆಯ ಸ್ವರೂಪ

ಪೋಷಕರೊಂದಿಗೆ ಮಾತನಾಡುವಾಗ ಸದಸ್ಯರಿಗೆ ಪರೀಕ್ಷೆಯ ಸ್ವರೂಪ ತಿಳಿದಿರುವುದು ಒಳ್ಳೆಯದು. ಗಣಿತಕ್ಕೆ 100 ಅಂಕಗಳು. ಇದರಲ್ಲಿ 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ, 80 ಲಿಖಿತ ಪರೀಕ್ಷೆಗೆ ಮೀಸಲು. ಇತ್ತೀಚಿನ ವರ್ಷಗಳ ಪತ್ರಿಕೆಯಲ್ಲಿ ಒಟ್ಟು 38 ಪ್ರಶ್ನೆಗಳಿವೆ: 1 ಅಂಕದ 16, 2 ಅಂಕದ 8, 3 ಅಂಕದ 9, 4 ಅಂಕದ 4 ಮತ್ತು 5 ಅಂಕದ 1. ಪ್ರಶ್ನೆಪತ್ರಿಕೆ ಓದಿಕೊಳ್ಳಲು ನೀಡುವ 15 ನಿಮಿಷವೂ ಸೇರಿ ಅವಧಿ 3 ಗಂಟೆ 15 ನಿಮಿಷ. 2025–26ನೇ ಸಾಲಿನಿಂದ ಉತ್ತೀರ್ಣರಾಗಲು ಒಟ್ಟು 625 ಅಂಕಗಳಲ್ಲಿ 206 ಹಾಗೂ ಆಂತರಿಕ ಮತ್ತು ಲಿಖಿತ ಅಂಕಗಳೆರಡೂ ಸೇರಿ ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30 ಇರಬೇಕೆಂದು ಸರ್ಕಾರ ಪ್ರಕಟಿಸಿದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, 1 ಮತ್ತು 2 ಅಂಕದ ಪ್ರಶ್ನೆಗಳೇ 32 ಅಂಕಗಳಷ್ಟಿವೆ. ಪಾಠದ ಮೂಲ ವಿಚಾರ ಗೊತ್ತಿರುವ ಮಗು ಇವುಗಳಿಂದಲೇ ಬಹುದೂರ ಸಾಗಬಲ್ಲದು. ಎರಡನೆಯದಾಗಿ, ದೊಡ್ಡ ಪ್ರಶ್ನೆಗಳಲ್ಲಿ ಅಂತಿಮ ಉತ್ತರಕ್ಕಷ್ಟೇ ಅಂಕವಲ್ಲ. ಸೂತ್ರ ಬರೆದುದಕ್ಕೆ, ಬೆಲೆಗಳನ್ನು ಆದೇಶಿಸಿದುದಕ್ಕೆ, ಸುಲಭೀಕರಿಸಿದುದಕ್ಕೆ ಹಂತಹಂತವಾಗಿ ಅಂಕಗಳಿವೆ. ಪೂರ್ತಿ ಬಾರದೆಂದು ಪ್ರಶ್ನೆಯನ್ನೇ ಬಿಟ್ಟುಬಿಡುವ ಮಗು ಕೈಗೆ ಬಂದ ಅಂಕವನ್ನು ತಾನಾಗಿಯೇ ಕಳೆದುಕೊಳ್ಳುತ್ತದೆ.

ಹಾಗೆಂದು ಕನಿಷ್ಠ ಅಂಕವೇ ಗುರಿಯಾಗಬಾರದು. ಪಿಯುಸಿಯ ವಿಜ್ಞಾನ ಮತ್ತು ವಾಣಿಜ್ಯ, ಡಿಪ್ಲೊಮಾ, ಐಟಿಐಯ ಎಲೆಕ್ಟ್ರೀಷಿಯನ್ ಅಥವಾ ಫಿಟ್ಟರ್ ತರಬೇತಿ, ಎಲ್ಲದಕ್ಕೂ ಇದೇ ಗಣಿತ ಮುಂದೆ ಬೇಕಾಗುತ್ತದೆ.

ಮಕ್ಕಳು ಎಡವುವುದು ಎಲ್ಲಿ?

ಗಣಿತವು ಕೆಂಪುಕಲ್ಲಿನ ಗೋಡೆಯಂತೆ. ಕೆಳಗಿನ ಸಾಲಿನ ಕಲ್ಲೊಂದು ಸಡಿಲವಿದ್ದರೆ ಮೇಲಿನ ಸಾಲನ್ನು ಎಷ್ಟು ಜಾಗ್ರತೆಯಿಂದ ಇಟ್ಟರೂ ಗೋಡೆ ನಿಲ್ಲದು. ಹತ್ತನೆಯ ತರಗತಿಯಲ್ಲಿ ಕಾಣಿಸಿಕೊಳ್ಳುವ ತೊಂದರೆಯ ಬೇರು ಸಾಮಾನ್ಯವಾಗಿ ಆರು, ಏಳನೆಯ ತರಗತಿಯಲ್ಲಿರುತ್ತದೆ.

ಒಂದು ಉದಾಹರಣೆ ನೋಡೋಣ. x² − 3x − 10 = 0 ಎಂಬ ವರ್ಗ ಸಮೀಕರಣದ ಶೋಧಕವನ್ನು b² − 4ac ಸೂತ್ರದಿಂದ ಕಂಡುಹಿಡಿಯಬೇಕು. ಇಲ್ಲಿ (−3)² = 9. −4 × 1 × (−10) = +40. ಮೊತ್ತ 49, ಅದರ ವರ್ಗಮೂಲ 7, ಸಮೀಕರಣದ ಮೂಲಗಳು 5 ಮತ್ತು −2. ಆದರೆ ಎರಡು ಋಣಸಂಖ್ಯೆಗಳ ಗುಣಲಬ್ಧ ಧನವಾಗುತ್ತದೆಂಬುದು ಖಚಿತವಿಲ್ಲದ ಮಗು 9 − 40 = −31 ಎಂದು ಬರೆದು, "ವಾಸ್ತವ ಮೂಲಗಳಿಲ್ಲ" ಎಂದು ಮುಗಿಸುತ್ತದೆ. ಅದಕ್ಕೆ ಹತ್ತನೆಯ ತರಗತಿಯ ಸೂತ್ರ ಬರುತ್ತದೆ. ಬಾರದಿರುವುದು ಏಳನೆಯ ತರಗತಿಯ ಚಿಹ್ನೆ. ಇದನ್ನು ಗುರುತಿಸದೆ ಸೂತ್ರವನ್ನೇ ನೂರು ಬಾರಿ ಬಾಯಿಪಾಠ ಮಾಡಿಸಿದರೆ ಪ್ರಯೋಜನವಿಲ್ಲ.

ಇನ್ನೊಂದು ತೊಡಕು ಭಾಷೆಯದು. ನಮ್ಮ ಮಕ್ಕಳಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. 'ಚರಾಕ್ಷರ', 'ಸಹಗುಣಕ', 'ಸಮರೂಪ', 'ಉನ್ನತ ಕೋನ' ಮೊದಲಾದ ಪದಗಳನ್ನು ಪಠ್ಯಪುಸ್ತಕದ ಹೊರಗೆ ಅವರು ಎಲ್ಲಿಯೂ ಕೇಳಿರುವುದಿಲ್ಲ. ಬಾಯಿಲೆಕ್ಕದಲ್ಲಿ ಚುರುಕಾಗಿರುವ ಮಗು ಹೇಳಿಕೆಯ ಪ್ರಶ್ನೆಯ ಮುಂದೆ ಸುಮ್ಮನಾಗುವುದು ಇದರಿಂದಲೇ. ಪ್ರಶ್ನೆಯನ್ನು ಮನೆಮಾತಿನಲ್ಲಿ ಒಮ್ಮೆ ಹೇಳಿಸಿ, ಬಳಿಕ ಪುಸ್ತಕದ ಭಾಷೆಯಲ್ಲಿ ಬರೆಯಿಸಿದರೆ ಈ ಬಾಗಿಲು ಮೆಲ್ಲಗೆ ತೆರೆಯುತ್ತದೆ.

ಅಭ್ಯಾಸದ ಕ್ರಮ

ಮನೆಯಲ್ಲಿ ಪಾಲಿಸಬಹುದಾದ ಕ್ರಮವನ್ನು ಐದು ಮಾತುಗಳಲ್ಲಿ ಸಂಗ್ರಹಿಸಬಹುದು.

1. ಗಣಿತವನ್ನು ಕಣ್ಣಿನಿಂದ ಓದುವುದಲ್ಲ, ಕೈಯಿಂದ ಬರೆಯುವುದು. ಬಿಡಿಸಿದ ಲೆಕ್ಕವನ್ನು ನೋಡುತ್ತಿರುವಾಗ ಎಲ್ಲವೂ ತಿಳಿದಂತೆಯೇ ತೋರುತ್ತದೆ. ಪುಸ್ತಕ ಮುಚ್ಚಿ ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಬಿಡಿಸಿದಾಗಲೇ ತಿಳಿದಿದೆಯೋ ಇಲ್ಲವೋ ಗೊತ್ತಾಗುವುದು.

2. ತಪ್ಪುಗಳಿಗೆ ಒಂದು ಪ್ರತ್ಯೇಕ ನೋಟ್‌ಬುಕ್ ಇರಲಿ. ಪ್ರತಿ ತಪ್ಪನ್ನೂ ಅದರ ಕಾರಣದೊಂದಿಗೆ ಬರೆದಿಡಬೇಕು: ಚಿಹ್ನೆ ತಪ್ಪಿದ್ದೇ, ಸೂತ್ರ ಮರೆತದ್ದೇ, ಪ್ರಶ್ನೆ ಅರ್ಥವಾಗದ್ದೇ? ಒಂದು ತಿಂಗಳಲ್ಲಿ ಮಗುವಿಗೇ ತನ್ನ ದೌರ್ಬಲ್ಯದ ಚಿತ್ರ ದೊರೆಯುತ್ತದೆ. ಬಹುಪಾಲು ತಪ್ಪುಗಳು ಎರಡು ಮೂರು ಬಗೆಯವೇ ಆಗಿರುತ್ತವೆ.

3. ವಾರಕ್ಕೊಮ್ಮೆ ಐದು ಗಂಟೆ ಕುಳಿತುಕೊಳ್ಳುವುದಕ್ಕಿಂತ ಪ್ರತಿದಿನ ಮುಕ್ಕಾಲು ಗಂಟೆ ಮೇಲು. ಬಿಡುವಿಲ್ಲದ ರೂಢಿಯಿಂದ ಕೈ ಪಳಗುತ್ತದೆ.

4. ಅಧ್ಯಾಯಗಳನ್ನು ಬೆರೆಸಿ ಅಭ್ಯಾಸ ಮಾಡಬೇಕು. ಸಮಾಂತರ ಶ್ರೇಢಿಯ ಪಾಠದ ಕೊನೆಯಲ್ಲಿರುವ ಲೆಕ್ಕಕ್ಕೆ ಯಾವ ಸೂತ್ರ ಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಪರೀಕ್ಷೆಯಲ್ಲಿ ಅದನ್ನು ಹೇಳಿಕೊಡುವವರಿಲ್ಲ. ಸೂತ್ರವನ್ನು ಆರಿಸುವುದೂ ಅಭ್ಯಾಸದ ಭಾಗ.

5. ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳನ್ನೂ ಹಿಂದಿನ ವರ್ಷಗಳ ಪತ್ರಿಕೆಗಳನ್ನೂ ಗಡಿಯಾರ ಇಟ್ಟುಕೊಂಡು ಬಿಡಿಸಬೇಕು. ಬಲ್ಲ ಪ್ರಶ್ನೆಗಳನ್ನು ಮೊದಲು, ಸಂದೇಹವಿರುವುದನ್ನು ಬಳಿಕ ಬರೆದು, ಕೊನೆಯಲ್ಲಿ ಹತ್ತು ನಿಮಿಷ ಚಿಹ್ನೆ ಮತ್ತು ಮಾನಗಳನ್ನು ಪರಿಶೀಲಿಸುವ ರೂಢಿ ಮನೆಯಲ್ಲೇ ಆಗಬೇಕು.

ತೀರಾ ಹಿಂದುಳಿದ ಮಗುವಿಗೆ ಎಲ್ಲ ಅಧ್ಯಾಯಗಳನ್ನೂ ಒಮ್ಮೆಗೇ ಹೊರಿಸಬಾರದು. ಸಂಖ್ಯಾಶಾಸ್ತ್ರ, ಸಂಭವನೀಯತೆ, ಸಮಾಂತರ ಶ್ರೇಢಿ, ನಕ್ಷೆಯ ಮೂಲಕ ಸಮೀಕರಣ ಬಿಡಿಸುವುದು ಮುಂತಾಗಿ ಕ್ರಮ ಸ್ಪಷ್ಟವಿರುವ ಭಾಗಗಳಿಂದ ಆರಂಭಿಸಿದರೆ ಬೇಗ ಧೈರ್ಯ ಬರುತ್ತದೆ. ಯಾವ ಮಗುವಿಗೆ ಯಾವುದು ಮೊದಲು ಎಂಬ ತೀರ್ಮಾನ ಶಿಕ್ಷಕರದೇ ಆಗಿರಬೇಕು.

ನಮ್ಮೂರಿನ ಲೆಕ್ಕ

'ಈ ಲೆಕ್ಕದಿಂದ ಏನು ಉಪಯೋಗ?' ಎಂಬ ಮಕ್ಕಳ ಪ್ರಶ್ನೆ ನ್ಯಾಯವಾದುದೇ. ಕನ್ನಡ ನೆಲದಲ್ಲಿ ಇದಕ್ಕೆ ಉತ್ತರ ಬಹಳ ಹಿಂದೆಯೇ ದೊರೆತಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ಬರೆದನು. ಗಣಿತವು ಜನರ ನಿತ್ಯ ವ್ಯವಹಾರಕ್ಕೆ ಸೇರಿದ್ದೆಂಬುದು ಆ ಹೆಸರಿನಲ್ಲಿಯೇ ಇದೆ.

ನಮ್ಮ ಸುತ್ತಲಿನಿಂದಲೇ ಉದಾಹರಣೆಗಳನ್ನು ತೆಗೆದುಕೊಳ್ಳಬಹುದು. ಶಂಕರಪುರ ಮಲ್ಲಿಗೆಯ ವ್ಯಾಪಾರದಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎರಡು ಚೆಂಡು ಮತ್ತು 200 ಹೂ ಕಟ್ಟಿದವರು ಅಟ್ಟೆಯ ಎಷ್ಟು ಭಾಗ ಕಟ್ಟಿದಂತಾಯಿತು? 1,800ನ್ನು 3,200ರಿಂದ ಭಾಗಿಸಿದರೆ 9/16. ಆ ದಿನದ ಅಟ್ಟೆಯ ದರ 800 ರೂಪಾಯಿ ಎಂದಿಟ್ಟುಕೊಂಡರೆ ಅವರ ಹೂವಿನ ಬೆಲೆ 450 ರೂಪಾಯಿ. ಹೂ ಕಟ್ಟುವ ತಾಯಿಯ ಪಕ್ಕದಲ್ಲಿ ಕುಳಿತ ಮಗುವಿಗೆ ಭಿನ್ನರಾಶಿಯನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ಬೇರೆ ಯಾವುದಿದೆ?

ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ಮೊದಲ ತಿಂಗಳು 100 ರೂಪಾಯಿ, ಬಳಿಕ ಪ್ರತಿ ತಿಂಗಳೂ 20 ರೂಪಾಯಿ ಹೆಚ್ಚಿಸುತ್ತ ಒಂದು ವರ್ಷ ಉಳಿತಾಯ ಮಾಡಿದರೆ ಒಟ್ಟು ಎಷ್ಟು? ಕೊನೆಯ ತಿಂಗಳ ಕಂತು 320. ಮೊದಲ ಮತ್ತು ಕೊನೆಯ ಕಂತು ಸೇರಿ 420. ಎರಡನೆಯದು ಮತ್ತು ಹನ್ನೊಂದನೆಯದು ಸೇರಿದರೂ 420. ಹೀಗೆ ಆರು ಜೋಡಿಗಳು, ಒಟ್ಟು 2,520 ರೂಪಾಯಿ. ಸಮಾಂತರ ಶ್ರೇಢಿಯ ಮೊತ್ತದ ಸೂತ್ರ ಹುಟ್ಟಿದ್ದು ಈ ಜೋಡಿಸುವಿಕೆಯಿಂದಲೇ. ಇದನ್ನು ಒಮ್ಮೆ ಕಂಡ ಮಗು ಸೂತ್ರವನ್ನು ಮರೆಯುವುದಿಲ್ಲ. ಮರೆತರೂ ಮತ್ತೆ ಕಟ್ಟಿಕೊಳ್ಳಬಲ್ಲದು.

ಒಂದು ಮೀಟರ್ ಕೋಲಿನ ನೆರಳು 0.8 ಮೀಟರ್ ಇರುವ ಹೊತ್ತಿನಲ್ಲಿ ತೆಂಗಿನಮರದ ನೆರಳು 12 ಮೀಟರ್ ಇದ್ದರೆ ಮರದ ಎತ್ತರ 15 ಮೀಟರ್. ಇದು ಸಮರೂಪ ತ್ರಿಭುಜಗಳ ಪಾಠ. ಇನ್ನು ನಮ್ಮದೇ ಕೆಲಸದ ಲೆಕ್ಕ: 2.1 ಮೀಟರ್ ತ್ರಿಜ್ಯ ಹಾಗೂ 3.5 ಮೀಟರ್ ಎತ್ತರದ ಸಿಲಿಂಡರ್ ಆಕಾರದ ನೀರಿನ ಟ್ಯಾಂಕಿನ ಘನಫಲ, π ಬೆಲೆ 22/7 ಎಂದಾದರೆ, 48.51 ಘನಮೀಟರ್, ಅಂದರೆ 48,510 ಲೀಟರ್. ಜಲಜೀವನ್ ಮಿಷನ್ನಿನ ಮಾನದಂಡದಂತೆ ದಿನಕ್ಕೆ ಒಬ್ಬರಿಗೆ 55 ಲೀಟರ್ ಕೊಟ್ಟರೆ ಒಮ್ಮೆ ತುಂಬಿದ ಟ್ಯಾಂಕು 882 ಜನರಿಗೆ ಸಾಕು. ಮಕ್ಕಳನ್ನು ಒಮ್ಮೆ ಟ್ಯಾಂಕಿನ ಬಳಿಗೆ ಕರೆದುಕೊಂಡು ಹೋಗಿ, ನೆಲದ ಮೇಲೆ ನಿಂತೇ ಈ ಲೆಕ್ಕವನ್ನು ಮಾಡಿಸಬಹುದು. ಆಗ ಪಂಚಾಯತ್‌ನ ಕೆಲಸವೂ ಅವರಿಗೆ ಅರ್ಥವಾಗುತ್ತದೆ.

ಕರಾವಳಿಯ ಶಾಲಾ ವರ್ಷ

ನಮ್ಮ ಕಡೆಯ ಶಾಲಾ ವರ್ಷಕ್ಕೆ ತನ್ನದೇ ಆದ ಅಡಚಣೆಗಳಿವೆ. ಜೂನ್‌ನಿಂದ ಆಗಸ್ಟ್‌ವರೆಗೆ ಭಾರಿ ಮಳೆಯ ರಜೆಗಳು ಬೀಳುತ್ತವೆ. ವಿದ್ಯುತ್ ಆಗಾಗ ಹೋಗುತ್ತದೆ. ಕೆಮ್ಮಣ್ಣು, ಹೂಡೆ, ಬೆಂಗ್ರೆಯಂತಹ ಹೊಳೆ ಮತ್ತು ಕಡಲಿನ ನಡುವಣ ಪ್ರದೇಶದಲ್ಲಿ, ಕುದ್ರುಗಳಲ್ಲಿ, ಮಳೆಗಾಲದ ಓಡಾಟ ಸುಲಭವಲ್ಲ. ಮಳೆ ನಿಂತ ಮೇಲೆ ಮದುವೆ, ಜಾತ್ರೆ, ನೇಮ, ಯಕ್ಷಗಾನಗಳ ಕಾಲ. ಪುನರಾವರ್ತನೆ ನಡೆಯಬೇಕಾದ ಜನವರಿ, ಫೆಬ್ರವರಿ ತಿಂಗಳುಗಳೇ ಉತ್ಸವದ ತಿಂಗಳುಗಳೂ ಆಗಿವೆ. ಇವು ನಮ್ಮ ಸಂಸ್ಕೃತಿಯ ಭಾಗ. ನಿಲ್ಲಿಸಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಪರೀಕ್ಷೆಯ ಸಿದ್ಧತೆಯನ್ನು ಫೆಬ್ರವರಿಗೆ ಮುಂದೂಡುವ ಮನೆಗಳಲ್ಲಿ ಸಿದ್ಧತೆ ನಡೆಯುವುದೇ ಇಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಮೀನುಗಾರ ಕುಟುಂಬಗಳ ಅನೇಕ ತಂದೆಯರು ಮನೆಯಲ್ಲಿರುತ್ತಾರೆ. ಶಾಲಾ ವರ್ಷದ ಆರಂಭವೂ ಅದೇ ಆಗಿರುವುದರಿಂದ, ಪೋಷಕರೊಂದಿಗೆ ಮಾತನಾಡಲು ಇದಕ್ಕಿಂತ ತಕ್ಕ ಸಮಯವಿಲ್ಲ.

ಪಂಚಾಯತ್ ಮಾಡಬಹುದಾದ ಕೆಲಸ

ಪಾಠ ಹೇಳುವುದು ಶಿಕ್ಷಕರ ಕಾರ್ಯ. ಅದರಲ್ಲಿ ನಾವು ತಲೆಹಾಕಬೇಕಾಗಿಲ್ಲ. ಆದರೆ ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪ್ರಾಥಮಿಕ ಹಾಗೂ ಪ್ರೌಢಶಾಲೆಗಳನ್ನೊಳಗೊಂಡ ಶಿಕ್ಷಣವು 17ನೆಯ ವಿಷಯವಾಗಿಯೂ ಗ್ರಂಥಾಲಯಗಳು 20ನೆಯ ವಿಷಯವಾಗಿಯೂ ಪಂಚಾಯತ್‌ಗಳಿಗೆ ಸಂಬಂಧಿಸಿವೆ. ಮಗುವಿಗೆ ಸ್ಥಳ, ಬೆಳಕು, ಸಮಯ ಮತ್ತು ವಿಚಾರಿಸುವ ಜನ ದೊರೆಯುವಂತೆ ಮಾಡುವುದು ನಮ್ಮ ಕೈಯಲ್ಲಿದೆ.

ಮೊದಲನೆಯದು, ಪಟ್ಟಿ. ಪ್ರತಿ ಸದಸ್ಯರೂ ಜೂನ್ ತಿಂಗಳಲ್ಲಿ ತಮ್ಮ ವಾರ್ಡಿನಲ್ಲಿ ಹತ್ತನೆಯ ತರಗತಿಯಲ್ಲಿರುವ ಮಕ್ಕಳ ಮನೆಗಳನ್ನು ಗುರುತಿಸಿಕೊಳ್ಳುವುದು. ಒಂದು ವಾರ್ಡಿಗೆ ಇವು ಬೆರಳೆಣಿಕೆಯ ಮನೆಗಳು. ದೂರದ ಶಾಲೆಗೆ, ಖಾಸಗಿ ಶಾಲೆಗೆ ಹೋಗುವ ಮಕ್ಕಳನ್ನೂ ಬಿಡಬಾರದು.

ಎರಡನೆಯದು, ಅರಿವು ಕೇಂದ್ರ. ನಮ್ಮ ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ 2020ರ ನವೆಂಬರ್ 14ರಂದು ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಅಲ್ಲಿ ಸಂಜೆಯ ಹೊತ್ತು ಒಂದು ಮೇಜು, ಒಂದು ಕರಿಹಲಗೆ, ಹತ್ತನೆಯ ತರಗತಿಯ ಪಠ್ಯಪುಸ್ತಕದ ಎರಡೂ ಭಾಗಗಳು, ಮುದ್ರಿಸಿಟ್ಟ ಹಳೆಯ ಪ್ರಶ್ನೆಪತ್ರಿಕೆಗಳು ಇದ್ದರೆ ಸಾಕು. ಮನೆಯಲ್ಲಿ ಕುಳಿತು ಬರೆಯಲು ಜಾಗವಿಲ್ಲದ ಮಗುವಿಗೆ ಇದೇ ದೊಡ್ಡ ನೆರವು.

ಮೂರನೆಯದು, ಜನ. ಮಣಿಪಾಲ, ಉಡುಪಿ, ಕಾರ್ಕಳದ ಕಾಲೇಜುಗಳಿಗೆ ಹೋಗುತ್ತಿರುವ ನಮ್ಮೂರಿನ ವಿದ್ಯಾರ್ಥಿಗಳು, ನಿವೃತ್ತ ಶಿಕ್ಷಕರು, ಬ್ಯಾಂಕಿನಿಂದ ನಿವೃತ್ತರಾದವರು ವಾರಕ್ಕೆ ಎರಡು ಸಂಜೆ ಬಿಡುವು ಮಾಡಿಕೊಳ್ಳಬಲ್ಲರು. ಅವರು ಶಾಲೆಯ ಗಣಿತ ಶಿಕ್ಷಕರನ್ನು ಕಂಡು, ಯಾವ ಮಗುವಿಗೆ ಎಲ್ಲಿ ತೊಡಕಿದೆ ಎಂದು ಕೇಳಿ ತಿಳಿದುಕೊಂಡೇ ಆರಂಭಿಸಬೇಕು. ಹೆಣ್ಣುಮಕ್ಕಳು ಸುರಕ್ಷಿತವಾಗಿ ಮನೆ ಸೇರುವ ಹೊತ್ತಿಗೆ ತರಗತಿ ಮುಗಿಯಬೇಕು. ಆ ದಾರಿಯ ಬೀದಿದೀಪಗಳು ಉರಿಯುತ್ತಿರಬೇಕು.

ನಾಲ್ಕನೆಯದು, ಮೌನ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಬಳಸಬಾರದೆಂಬ ನಿಯಮ 2000ನೇ ಇಸವಿಯಿಂದಲೇ ಇದೆ. ಪರೀಕ್ಷೆಯ ವಾರಗಳಲ್ಲಿ ಸಂಜೆಯ ಧ್ವನಿಯನ್ನೂ ತಗ್ಗಿಸಬೇಕೆಂದು ಸಂಘಟಕರಲ್ಲಿ ಸದಸ್ಯರೇ ಖುದ್ದಾಗಿ ವಿನಂತಿಸಿದರೆ ಒಪ್ಪದವರು ವಿರಳ. ಅವರ ಮನೆಯಲ್ಲೂ ಮಕ್ಕಳಿದ್ದಾರೆ.

ಐದನೆಯದು, ಮಕ್ಕಳ ಗ್ರಾಮಸಭೆ. ಅಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ, "ಓದಲು ನಿಮಗೆ ಅಡ್ಡಿಯಾಗಿರುವುದು ಏನು?" ಎಂಬ ಒಂದು ಪ್ರಶ್ನೆಯನ್ನು ಕೇಳಿ, ಉತ್ತರವನ್ನು ನಡವಳಿಯಲ್ಲಿ ದಾಖಲಿಸಿ, ಮುಂದಿನ ಸಭೆಯಲ್ಲಿ ಕ್ರಮದ ವರದಿ ನೀಡಬೇಕು.

ಫಲಿತಾಂಶದ ನಂತರದ ದಿನಗಳು

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಫಲಿತಾಂಶದ ಮರುದಿನದಿಂದ ಆರಂಭವಾಗುತ್ತದೆ. 2023–24ನೇ ಸಾಲಿನಿಂದ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪರೀಕ್ಷೆ-1ರಲ್ಲಿ ಗಣಿತದಲ್ಲಿ ಮಾತ್ರ ಹಿಂದುಳಿದ ಮಗು ಪರೀಕ್ಷೆ-2ರಲ್ಲಿ ಗಣಿತವೊಂದನ್ನೇ ಬರೆಯಬಹುದು. ಉತ್ತೀರ್ಣರಾದವರಿಗೂ ಅಂಕ ಉತ್ತಮಪಡಿಸಿಕೊಳ್ಳುವ ಅವಕಾಶವಿದೆ. ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೂ ಮರುಮೌಲ್ಯಮಾಪನಕ್ಕೂ ನಿಗದಿತ ದಿನಗಳೊಳಗೆ ಅರ್ಜಿ ಸಲ್ಲಿಸಬಹುದು.

ಆದರೆ ಈ ಅವಕಾಶದ ಬಾಗಿಲು ಹೆಚ್ಚು ದಿನ ತೆರೆದಿರುವುದಿಲ್ಲ. 2025ರಲ್ಲಿ ಪರೀಕ್ಷೆ-1ರ ಫಲಿತಾಂಶ ಮೇ 2ರಂದು ಪ್ರಕಟವಾಯಿತು. ಪರೀಕ್ಷೆ-2 ಮೇ 26ರಂದು ಆರಂಭವಾಯಿತು. ನಡುವೆ ಇದ್ದುದು ಮೂರು ವಾರಕ್ಕಿಂತ ಸ್ವಲ್ಪ ಹೆಚ್ಚು. ನೋಂದಣಿಯ ಅವಧಿ ಅದಕ್ಕಿಂತಲೂ ಕಡಿಮೆ. ಅದು ರಜಾಕಾಲ, ಮಗು ನಾಚಿಕೆಯಿಂದ ಮನೆಯಲ್ಲೇ ಉಳಿದಿರುತ್ತದೆ. ಆಗ ಬಾಗಿಲಿಗೆ ಹೋಗಿ, "ಪರೀಕ್ಷೆ-2 ಇದೆ, ನೋಂದಾಯಿಸಿದ್ದೀರಾ?" ಎಂದು ಕೇಳಬಲ್ಲವರು ವಾರ್ಡಿನ ಸದಸ್ಯರು. ಜೂನ್‌ನಲ್ಲಿ ಸಿದ್ಧಪಡಿಸಿದ ಪಟ್ಟಿ ನಿಜವಾಗಿ ಬೇಕಾಗುವುದು ಮೇ ತಿಂಗಳಲ್ಲಿ.

ಈ ಭೇಟಿಯಲ್ಲಿ ಎಚ್ಚರ ಅಗತ್ಯ. ಅನುತ್ತೀರ್ಣ ಮಕ್ಕಳ ಹೆಸರನ್ನು ಸಭೆಯಲ್ಲಿ ಓದಬಾರದು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಾಕಬಾರದು, ಬೇರೆ ಮಕ್ಕಳೊಂದಿಗೆ ಹೋಲಿಸಿ ಮಾತನಾಡಬಾರದು. ಮಗು ಊಟ ಬಿಟ್ಟಿದ್ದರೆ, ಮಾತು ಬಿಟ್ಟಿದ್ದರೆ ಮನೆಯವರು ಅದನ್ನು ಲಘುವಾಗಿ ಕಾಣದಂತೆ ತಿಳಿಹೇಳಬೇಕು. ಟೆಲಿ-ಮಾನಸ್ ಸಹಾಯವಾಣಿ 14416 ಮತ್ತು ಮಕ್ಕಳ ಸಹಾಯವಾಣಿ 1098, ಇವೆರಡನ್ನೂ ಪಂಚಾಯತ್ ಫಲಕದಲ್ಲಿ ಬರೆಯಿಸಿಡುವುದು ಒಳ್ಳೆಯದು.

ಮಾನ್ಯ ಸದಸ್ಯರೇ, ನಮ್ಮ ಜಿಲ್ಲೆ ಪ್ರಥಮ ಸ್ಥಾನಕ್ಕೆ ಮರಳಿದರೆ ಎಲ್ಲರಿಗೂ ಸಂತೋಷವೇ. ಆದರೆ ಅದಕ್ಕಿಂತ ಮಿಗಿಲಾದ ಸಂಗತಿಯೆಂದರೆ, ಮುಂದಿನ ಮೇ ತಿಂಗಳಲ್ಲಿ ಯಾರಾದರೂ ನಮ್ಮನ್ನು, "ನಿಮ್ಮ ಗ್ರಾಮದಲ್ಲಿ ಎಷ್ಟು ಮಕ್ಕಳು ಹಿಂದುಳಿದರು, ಅವರೆಲ್ಲ ಈಗ ಎಲ್ಲಿದ್ದಾರೆ?" ಎಂದು ಕೇಳಿದಾಗ ನಮ್ಮಲ್ಲಿ ಉತ್ತರವಿರುವುದು. "ಇಷ್ಟು ಮಂದಿ, ಎಲ್ಲರೂ ಪರೀಕ್ಷೆ-2ಕ್ಕೆ ನೋಂದಾಯಿಸಿದ್ದಾರೆ, ಸಂಜೆ ಅರಿವು ಕೇಂದ್ರದಲ್ಲಿ ಲೆಕ್ಕ ಬಿಡಿಸುತ್ತಿದ್ದಾರೆ" ಎಂದು ಹೇಳುವಂತಾಗಲಿ. ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ಪಂಚಾಯತ್ ಅಭಿವೃದ್ಧಿ ಅಧಿಕಾರಿ
ಕೆಮ್ಮಣ್ಣು, ಉಡುಪಿ ತಾಲೂಕು